ರ ಸಾಲಿನ ವಸುಧಕ್ಕ

ನಮ್ಮ ಆಫೀಸಿನಲ್ಲಿ ಹಾಡು ಹೇಳುವುದಕ್ಕೂ ಹುದ್ದೆ ಬೇಕಿತ್ತು. ಹೊರಗಿನವರಿಗೆ ಇದನ್ನು ಹೇಳಿದರೆ ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅಮೆರಿಕದ ಮಿಷಿಗನ್ ರಾಜ್ಯದ ಸೌತ್‌ಫೀಲ್ಡ್‌ನಲ್ಲಿ ಒಂದು ಗಾಜಿನ ಕಟ್ಟಡದ ಹನ್ನೊಂದನೆಯ ಮಹಡಿಯಲ್ಲಿ ನಮ್ಮ ಕಂಪನಿ. ಕಾರಿನ ಬಾಗಿಲುಗಳಿಗೆ ಬೇಕಾದ ಬೀಗ, ಹಿಡಿ, ಕೀಲು ಮಾಡಿಸುವ ಜಪಾನಿ ಕಂಪನಿ. ಜಪಾನಿನಿಂದ ಮೂರು ನಾಲ್ಕು ವರ್ಷಕ್ಕೆಂದು ಅಧಿಕಾರಿಗಳು ಬರುತ್ತಾರೆ, ಅವಧಿ ಮುಗಿದ ಮೇಲೆ ಹೊರಡುತ್ತಾರೆ. ಹೊರಡುವವರಿಗೆ ಪಕ್ಕದ ನೋವೈ ಊರಿನ ಒಂದು ಕರೋಕೆ ಅಂಗಡಿಯಲ್ಲಿ ಕೋಣೆ ಹಿಡಿದು ಬೀಳ್ಕೊಡುಗೆ ಮಾಡುವುದು ರೂಢಿ. ಪರದೆಯ ಮೇಲೆ ಸಾಹಿತ್ಯ ಓಡುತ್ತದೆ, ಹಿನ್ನೆಲೆ ಸಂಗೀತಕ್ಕೆ ಸರಿಯಾಗಿ ಮೈಕು ಹಿಡಿದು ಹಾಡಬೇಕು.

ಯಾರು ಏನು ಬೇಕಾದರೂ ಹಾಡುವಂತಿಲ್ಲ, ಅದೇ ಅಲ್ಲಿನ ವಿಶೇಷ. ನಮ್ಮ ಅಕ್ಷರಮಾಲೆಯ ಹಾಗೆ ಜಪಾನಿಯಲ್ಲೂ ಸಾಲುಗಳಿವೆ. ಅ ಇ ಉ ಎ ಒ ಒಂದು ಸಾಲು, ಕ ಕಿ ಕು ಕೆ ಕೊ ಇನ್ನೊಂದು, ಹೀಗೆ ಹತ್ತು. ಹತ್ತು ಸಾಲಿಗೆ ಹತ್ತು ಜನ ಯಜಮಾನರು. ನಿಮ್ಮ ಸಾಲಿನ ಅಕ್ಷರದಿಂದ ಶುರುವಾಗುವ ಹಾಡನ್ನೇ ನೀವು ಆರಿಸಿಕೊಳ್ಳಬೇಕು, ಪಕ್ಕದವರ ಸಾಲಿಗೆ ಕೈ ಹಾಕಬಾರದು. ಮೊದಲನೆಯ ಅ ಸಾಲು ವಿಭಾಗದ ಮುಖ್ಯಸ್ಥರದು. ಹೊರಡುವ ಮುಖ್ಯಸ್ಥರು ಕೊನೆಯಲ್ಲಿ ಅ ಸಾಲಿನ ಹಾಡು ಹೇಳಿ, ತಮ್ಮ ಜಾಗಕ್ಕೆ ಬರುವವರ ಕೈಗೆ ಮೈಕು ಕೊಡುತ್ತಾರೆ. ಹೊಸ ಮುಖ್ಯಸ್ಥರು ಯಾರೆಂದು ಎಲ್ಲರಿಗೂ ತಿಳಿಯುವುದು ಆಗಲೇ. ಆ ಕೋಣೆಯಲ್ಲಿ ಮೈಕು ಸಿಕ್ಕಿತೆಂದರೆ ಕುರ್ಚಿ ಸಿಕ್ಕಿತೆಂದೇ ಅರ್ಥ. ನನ್ನಂಥ ಸಾಲಿಲ್ಲದವರು ಮೂಲೆಯಲ್ಲಿ ಕೂತು ಕರಿದ ಆಲೂಗಡ್ಡೆ ತಿಂದು, ಹೇಳಿದಾಗ ಚಪ್ಪಾಳೆ ತಟ್ಟಬೇಕು.

ವಸುಧಕ್ಕನದು ರ ಸಾಲು. ಹದಿನೇಳು ವರ್ಷದಿಂದ ಅದೇ.

ಅವರು ಮೈಸೂರಿನ ಸರಸ್ವತಿಪುರಂ ಕಡೆಯವರು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ, ಸಂಜೆ ಕ್ಲಾಸಿಗೆ ಹೋಗಿ ಜಪಾನಿ ಕಲಿತರಂತೆ. ಕ್ಲಾಸಿನಲ್ಲಿ ಇಪ್ಪತ್ತು ಜನರಿದ್ದವರು ವರ್ಷ ಮುಗಿಯುವುದರೊಳಗೆ ಮೂವರಾದರು, ಆ ಮೂವರಲ್ಲಿ ಇವರೊಬ್ಬರು. ಗಂಡ ಜಯಸಿಂಹ ಅವರ ಜೊತೆ ಮಿಷಿಗನ್‌ಗೆ ಬಂದ ಮೇಲೆ ಈ ಕಂಪನಿಯಲ್ಲಿ ದುಭಾಷಿಯಾದರು. ಮೀಟಿಂಗಿನಲ್ಲಿ ಜಪಾನಿನವರ ಮಾತನ್ನು ನಮಗೆ ಇಂಗ್ಲಿಷಿನಲ್ಲಿ, ನಮ್ಮ ಮಾತನ್ನು ಅವರಿಗೆ ಜಪಾನಿಯಲ್ಲಿ ಹೇಳುವ ಕೆಲಸ. ಕಾರ್ಡಿನ ಮೇಲೆ ಕೋಆರ್ಡಿನೇಟರ್ ಅಂತ ಬರೆದಿತ್ತು. ಈಗ ಐವತ್ತೆಂಟು ವಯಸ್ಸು, ಕಾರ್ಡಿನ ಮೇಲೆ ಈಗಲೂ ಅದೇ ಇದೆ.

ರ ಸಾಲು ಅವರಿಗೆ ಬಂದದ್ದು ಯಾರಿಗೂ ಬೇಡವಾಗಿದ್ದಕ್ಕೆ. ರ ಅಕ್ಷರದಿಂದ ಶುರುವಾಗುವ ಜಪಾನಿ ಶಬ್ದಗಳೇ ಕಡಿಮೆಯಂತೆ, ಹಾಡುಗಳಂತೂ ಹುಡುಕಿ ತರಬೇಕು. ಆಗಿನ ಮುಖ್ಯಸ್ಥರು ನಗುತ್ತ, ಖಾಲಿ ಬಿದ್ದಿರುವ ಸಾಲನ್ನು ವಸುಧಾ ಸಾನ್, ಅಂದರೆ ವಸುಧಾ ಅವರು, ಇಟ್ಟುಕೊಳ್ಳಲಿ ಅಂದರಂತೆ. ನಾನಾಗಿದ್ದರೆ ಮೈಕನ್ನು ಅವರ ತಲೆಗೇ ಕುಕ್ಕುತ್ತಿದ್ದೆ. ಇವರು ಗೌರವ ಅಂದುಕೊಂಡರು. ಸಾಲು ಸಿಕ್ಕ ಮೊದಲ ಸ್ಥಳೀಯಳು ತಾನು ಅಂತ ಮನೆಗೆ ಬಂದು ಪಾಯಸ ಮಾಡಿದರು. ಆಮೇಲೆ ಹಟ ಹಿಡಿದು ಒಂದೊಂದೇ ಹಾಡು ಹುಡುಕಿ ಕಲಿತರು. ರಿಂಗೊ ಎನ್ನುವ ಸೇಬಿನ ಹಣ್ಣಿನ ಮೇಲೆ, ಅವರ ಬಾಯಲ್ಲಿ ರೈಟೊ ಆಗುವ ಲೈಟುಗಳ ಮೇಲೆ, ರೊಮಾನ್ಸಿನ ಮೇಲೆ, ಹೀಗೆ ನಲವತ್ತೊಂದು. ಜಪಾನಿನವರಿಗೇ ಮರೆತುಹೋದ ಹಾಡುಗಳು ಅವು. ಕನ್ನಡ ಕೂಟದ ಅಂತ್ಯಾಕ್ಷರಿಯಲ್ಲಿ ಎದುರು ತಂಡದವರು ರ ಕೊಟ್ಟು ಬೀಗಿದರೆ ವಸುಧಕ್ಕ ಮುಗುಳ್ನಗುತ್ತಿದ್ದರು.

ಆದರೆ ಅವರಿಗೆ ಬೇಕಾಗಿದ್ದದ್ದು ಬೇರೆ. ಒಂದು ಸಲ ಕಾರಿನಲ್ಲಿ ನನಗೆ ಹೇಳಿದ್ದರು. ಹದಿನೇಳು ವರ್ಷ ದಿನಕ್ಕೆ ಆರು ಗಂಟೆ ಮಾತಾಡಿದ್ದೇನೆ, ಅದರಲ್ಲಿ ಒಂದು ವಾಕ್ಯವೂ ನನ್ನದಲ್ಲ ಎಂದರು. ದುಭಾಷಿ ಯಾವಾಗಲೂ ನಾನು ಎಂದೇ ಹೇಳಬೇಕು. ಮುಖ್ಯಸ್ಥ ತನಗೆ ಸಿಟ್ಟು ಬಂದಿದೆ ಎಂದರೆ ಇವರೂ ನನಗೆ ಸಿಟ್ಟು ಬಂದಿದೆ ಎನ್ನಬೇಕು. ಹೀಗೆ ಊರಿನವರೆಲ್ಲರ ನಾನು ಆಗಿ ತಾನು ಯಾರೂ ಆಗಲಿಲ್ಲ, ನಿವೃತ್ತಿಗೆ ಮುಂಚೆ ಒಂದು ವರ್ಷವಾದರೂ ಮೀಟಿಂಗಿನಲ್ಲಿ ಕೂತು ತನ್ನ ಮಾತನ್ನು ತಾನೇ ಆಡಬೇಕು ಅಂತ ಅವರ ಆಸೆ.

ಆ ಆಸೆಗೆ ಈ ವರ್ಷದ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಅ ಸಾಲಿನ ಹೊರಿಗುಚಿಯವರು ಮಾರ್ಚ್ ಕೊನೆಗೆ ಜಪಾನಿಗೆ ಹಿಂತಿರುಗುವುದೆಂದೂ, ಈ ಸಲ ಆ ಜಾಗಕ್ಕೆ ಅಲ್ಲಿಂದ ಯಾರನ್ನೂ ಕಳಿಸದೆ ಇಲ್ಲಿಯವರನ್ನೇ ನೇಮಿಸುವುದೆಂದೂ ಸುದ್ದಿ ಬಂತು. ಇಲ್ಲಿಯವರು ಎಂದರೆ ಇನ್ಯಾರು? ಆಫೀಸಿನ ಸೆಕ್ಯುರಿಟಿಯವನೂ ವಸುಧಕ್ಕನಿಗೆ ಕಂಗ್ರಾಜುಲೇಷನ್ಸ್ ಹೇಳಿದ. ಅವರು ಛೆ ಛೆ ಎಂದರು. ಮರುದಿನ ಬೆಳಿಗ್ಗೆ ಕಾರಿನಲ್ಲಿ ಅ ಹಾಡಿನ ಅಭ್ಯಾಸ ಶುರುವಾಯಿತು.

ಕಾರು ಅವರದು. ನಮ್ಮಿಬ್ಬರದೂ ನೋವೈಯಲ್ಲಿ ಅಕ್ಕಪಕ್ಕದ ಬಡಾವಣೆ. ನನಗೆ ಎಂಟು ವರ್ಷದ ಹಿಂದೆ ಈ ಕೆಲಸ ಕೊಡಿಸಿದವರೂ ಅವರೇ. ನನ್ನ ರೆಸ್ಯೂಮೆಯನ್ನು ತಾವೇ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟಿದ್ದರು. ಅಂದಿನಿಂದ ಹೋಗುವಾಗ ಹದಿನಾರು ಮೈಲಿ, ಬರುವಾಗ ಹದಿನಾರು ಮೈಲಿ ಜೊತೆ. ಅವರು ಆರಿಸಿಕೊಂಡದ್ದು ಅಸಾ ಎಂದು ಶುರುವಾಗುವ ಒಂದು ಹಳೆಯ ಹಾಡು. ಅಸಾ ಎಂದರೆ ಬೆಳಗು. ಬೆಳಗಿನ ರೈಲಿಗೆ ಊರು ಬಿಟ್ಟು ಹೊರಟ ಹೆಂಗಸೊಬ್ಬಳು ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳುವ ಹಾಡಂತೆ. ರಸ್ತೆಯ ಪಕ್ಕ ಕಪ್ಪಾದ ಹಿಮದ ಗುಡ್ಡೆಗಳು, ಹೊರಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಒಳಗೆ ಹೀಟರಿನ ಶಬ್ದದ ಮೇಲೆ ವಸುಧಕ್ಕನ ದನಿ. ಒಳ್ಳೆಯ ದನಿ ಅವರದು. ಒಂದೇ ಸಾಲನ್ನು ಹತ್ತು ಸಲ ಹಾಡಿ, ಎಳೆಯಬೇಕಾದ ಕಡೆ ಎಳೆದು, ಸರಿಯಾಯಿತೇ ಎಂಬಂತೆ ನನ್ನ ಕಡೆ ನೋಡುತ್ತಿದ್ದರು. ಜಪಾನಿ ಗೊತ್ತಿಲ್ಲದ ನಾನು ತಜ್ಞಳ ಹಾಗೆ ತಲೆದೂಗುತ್ತಿದ್ದೆ.

ಈಗ ನನ್ನ ವಿಷಯ ಹೇಳಬೇಕು. ನನ್ನ ಹೆಸರು ನಿರುಪಮಾ, ಕ್ವಾಲಿಟಿ ಇಂಜಿನಿಯರ್. ನನ್ನ ಬಾಯಿ ಕೆಟ್ಟದ್ದು, ಮೊದಲಿನಿಂದಲೂ. ಮೂರು ವರ್ಷದ ಹಿಂದೆ ಬಾಗಿಲಿನ ಬೀಗವೊಂದು ಚಳಿಯಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ದೊಡ್ಡ ಗಲಾಟೆ ಎದ್ದಿತ್ತು. ತಪ್ಪು ಜಪಾನಿನಲ್ಲಿ ಮಾಡಿದ ಡ್ರಾಯಿಂಗಿನದು. ವಿಡಿಯೊ ಮೀಟಿಂಗಿನಲ್ಲಿ ನಾನು, ಇದನ್ನು ಬರೆದವನಿಗೆ ಕಣ್ಣು ಕಾಣುವುದಿಲ್ಲವೇ, ಅಥವಾ ಅವನ ಊರಲ್ಲಿ ಚಳಿಗಾಲವೇ ಇಲ್ಲವೇ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ವಸುಧಕ್ಕ ಒಂದು ಗುಟುಕು ನೀರು ಕುಡಿದು, ಒಂದು ನಿಮಿಷ ಜಪಾನಿಯಲ್ಲಿ ಏನೋ ಹೇಳಿದರು. ಆಚೆ ಕಡೆ ಏಳು ತಲೆಗಳು ಬಗ್ಗಿದವು. ನನಗೆ ಧನ್ಯವಾದ ಬಂತು. ಹದಿನೈದು ದಿನದಲ್ಲಿ ಡ್ರಾಯಿಂಗ್ ಬದಲಾಯಿತು, ನನಗೆ ಬಹುಮಾನವೂ ಬಂತು. ಏನು ಹೇಳಿದಿರಿ ಅಂತ ಆಮೇಲೆ ಕೇಳಿದೆ.

“ನೀನ್ ಹೇಳಿದ್ದನ್ನೇ ಹೇಳ್ದೆ ಕಣೇ. ಬಟ್ಟೆ ಹಾಕಿ ಹೇಳ್ದೆ” ಅಂದರು.

ಹೀಗೆ ಎಂಟು ವರ್ಷ. ನಾನು ಬೈದದ್ದೆಲ್ಲ ಜಪಾನಿಗೆ ಹೋಗುವಾಗ ವಿನಯವಾಗಿ ಹೋಗುತ್ತಿತ್ತು. ಅಲ್ಲಿಯವರು ನನ್ನನ್ನು ಬಹಳ ಸೂಕ್ಷ್ಮದ ಹೆಂಗಸು ಅಂದುಕೊಂಡಿದ್ದರೆ ಅದು ನನ್ನ ತಪ್ಪಲ್ಲ. ಗೊತ್ತಾದ ಮೇಲೂ ತಿದ್ದದಿದ್ದದ್ದು ನನ್ನ ತಪ್ಪು.

ಮಾರ್ಚ್ ನಾಲ್ಕನೇ ತಾರೀಕು, ಮಂಗಳವಾರ, ಹೊರಿಗುಚಿಯವರು ನನ್ನೊಬ್ಬಳನ್ನೇ ಕೋಣೆಗೆ ಕರೆದರು. ದುಭಾಷಿ ಇಲ್ಲದೆ ಅವರು ಯಾರನ್ನೂ ಕರೆಯುವವರಲ್ಲ, ಹಾಗಾಗಿ ಕೆಲಸ ಹೋಯಿತು ಅಂತಲೇ ಒಳಗೆ ಹೋದೆ. ಅವರು ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆಯನ್ನು ಎರಡೂ ಕೈಯಿಂದ ನನ್ನ ಮುಂದಿಟ್ಟು, ದಯವಿಟ್ಟು ಓದಿ ಎಂದರು. ನನ್ನನ್ನು ಮುಖ್ಯಸ್ಥೆಯನ್ನಾಗಿ ಮಾಡಬೇಕೆಂದು ಅವರು ಜಪಾನಿಗೆ ಬರೆದ ಶಿಫಾರಸು ಅದು. ನಿರುಪಮಾ ಎಂಟು ವರ್ಷ ನಮ್ಮ ತಪ್ಪುಗಳನ್ನು ನಮಗೆ ತೋರಿಸಿದ್ದಾರೆ, ಒಮ್ಮೆಯೂ ನಾವು ತಲೆ ತಗ್ಗಿಸುವಂತೆ ಮಾಡಿಲ್ಲ, ಕಷ್ಟದ ಮಾತನ್ನು ಯಾರಿಗೂ ನೋವಾಗದಂತೆ ಹೇಳಬಲ್ಲವರೇ ಈ ಜಾಗಕ್ಕೆ ತಕ್ಕವರು ಅಂತ ಇತ್ತು. ಎಷ್ಟು ಚೆನ್ನಾಗಿತ್ತೆಂದರೆ ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು.

ಬಾಯಿ ಬಿಡಲು ಅದೇ ಸಮಯವಾಗಿತ್ತು. ಸಾರ್, ಆ ಮಾತುಗಳು ನನ್ನವಲ್ಲ, ವಸುಧಕ್ಕನವು, ನಾನು ಬೈದೆ, ಅವರು ಅದನ್ನು ನಿಮ್ಮ ಕಿವಿಗೆ ತಕ್ಕ ಹಾಗೆ ಮಾಡಿದರು. ಇಷ್ಟು ಹೇಳುವುದಕ್ಕೆ ಜಪಾನಿ ಬೇಕಾಗಿರಲಿಲ್ಲ. ನಾನು ಕೇಳಿದ್ದು ಇಷ್ಟೇ, ವಸುಧಾ ಅವರ ಕಥೆ ಏನು ಅಂತ. ಹೊರಿಗುಚಿಯವರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ, ವಸುಧಾ ಸಾನ್ ನಮ್ಮ ಸೇತುವೆ, ಸೇತುವೆಯನ್ನು ತೆಗೆದು ಬೇರೆ ಕಡೆ ಇಡಲು ಆಗುವುದಿಲ್ಲ ಎಂದರು. ಬೀಳ್ಕೊಡುಗೆಯ ದಿನದವರೆಗೆ ಆಫೀಸಿನಲ್ಲಿ ಗುಟ್ಟಾಗಿರಲಿ, ವಸುಧಾ ಸಾನ್ ವಿಷಯ ತಮಗೆ ಬಿಡಬೇಕು ಎಂದರು. ನಾನು ಬಗ್ಗಿ ನಮಸ್ಕಾರ ಮಾಡಿ ಹೊರಗೆ ಬಂದೆ.

ಅಂದು ಸಂಜೆ ಕಾರು ಹತ್ತಿ ವಸುಧಕ್ಕನ ಮುಖವನ್ನೇ ಗಮನಿಸುತ್ತ ಕೂತೆ. ಅವರು ಹೆದ್ದಾರಿ ಸೇರುವವರೆಗೆ ದಾರಿಯನ್ನಷ್ಟೇ ನೋಡಿ ಕಾರು ಓಡಿಸಿದರು. ಆಮೇಲೆ ಅಸಾ ಎಂದು ಶುರು ಮಾಡಿದರು. ಅಲ್ಲಿಗೆ ಇವರಿಗೆ ಇನ್ನೂ ತಿಳಿದಿಲ್ಲ ಅಂತ ನನಗೆ ಖಾತ್ರಿಯಾಯಿತು. ಹೇಳಬೇಕಾದವರು ಹೊರಿಗುಚಿ, ನಾನು ಯಾಕೆ ನಡುವೆ ಬಾಯಿ ಹಾಕಲಿ ಅಂತ ಸಮಾಧಾನ ಮಾಡಿಕೊಂಡೆ. ಮರುದಿನವೂ ಅಸಾ. ಅದರ ಮರುದಿನವೂ. ಹೇಡಿತನಕ್ಕೆ ನೂರು ಒಳ್ಳೆಯ ಹೆಸರುಗಳಿವೆ, ನಾನು ಆರಿಸಿಕೊಂಡದ್ದು ಆಫೀಸಿನ ಶಿಸ್ತು.

ತಿಂಗಳ ಮಧ್ಯದಲ್ಲಿ ಒಂದು ಶನಿವಾರ ವಸುಧಕ್ಕನ ಮಗಳು ಜಾನ್ವಿಯ ಮನೆಗೆ ಹೊರಟೆವು. ಅವಳು ಶಿಕಾಗೋದ ಪಕ್ಕ ಲೊಂಬಾರ್ಡ್‌ನಲ್ಲಿ ಅಪಾರ್ಟ್‌ಮೆಂಟ್ ಮಾಡಿಕೊಂಡಿದ್ದಾಳೆ. ಜಯಸಿಂಹ ಅವರಿಗೆ ಬೆನ್ನುನೋವು, ನೀನು ಬಾ ಅಂತ ನನ್ನನ್ನು ಕರೆದರು. ಹೆಚ್ಚು ಕಡಿಮೆ ಇನ್ನೂರ ಎಂಬತ್ತು ಮೈಲಿ, ನಾಲ್ಕೂವರೆ ಗಂಟೆ, ಕಾರಿನಲ್ಲಿ ನಾವಿಬ್ಬರೇ. ಇಷ್ಟು ದೀರ್ಘ ಸಮಯ ಸಿಕ್ಕರೆ ಎಂಥವಳಾದರೂ ಹೇಳಿಬಿಡುತ್ತಾಳೆ. ಕಲಮಜೂ ಊರು ದಾಟಿದ ಮೇಲೆ ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಫ್ಲಾಸ್ಕಿನ ಕಾಫಿಯನ್ನು ಇಬ್ಬರಿಗೂ ಬಗ್ಗಿಸಿ, ಇನ್ನೇನು ವಿಶೇಷ ನಿರು ಅಂತ ಕೇಳಿದರು. ನಾನು ಕಾಸ್ಟ್‌ಕೋ ಅಂಗಡಿಯಲ್ಲಿ ಸಿಕ್ಕ ಮಾವಿನಹಣ್ಣಿನ ವಿಷಯ ಹೇಳಿದೆ. ಆಫೀಸಿನಲ್ಲಿ ಏನೂ ಇಲ್ಲವೇ ಎಂದರು. ಏನೂ ಇಲ್ಲ ಎಂದೆ. ಸರಿ ಅಂತ ಲೋಟ ತೊಳೆದರು.

ಮರುದಿನ ಅಲ್ಲೇ ಹತ್ತಿರದ ಲೆಮಾಂಟ್ ಊರಿನ ದೇವಸ್ಥಾನಕ್ಕೆ ಹೋದೆವು. ಅರ್ಚನೆಗೆ ಹೆಸರು ಕೊಡುವಾಗ ವಸುಧಕ್ಕ ತಮ್ಮ ಮನೆಯವರ ಹೆಸರಿನ ಜೊತೆ ನನ್ನ ಹೆಸರನ್ನೂ ನಕ್ಷತ್ರವನ್ನೂ ಸೇರಿಸಿದರು. ನನ್ನ ನಕ್ಷತ್ರ ನನಗೇ ಸರಿಯಾಗಿ ನೆನಪಿರುವುದಿಲ್ಲ, ಅವರಿಗೆ ನೆನಪಿತ್ತು. ಭಟ್ಟರು ಉದ್ಯೋಗದಲ್ಲಿ ಅಭಿವೃದ್ಧಿ ಅಂತ ಹೇಳುತ್ತಿದ್ದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಭಕ್ತಿಯಿಂದಲ್ಲ. ಹಿಂತಿರುಗುವಾಗ ಜಾನ್ವಿ ನನಗೆಂದು ಪುಳಿಯೋಗರೆಯ ಡಬ್ಬಿಯನ್ನು ಕಾರಿನಲ್ಲಿಟ್ಟು ಇಂಗ್ಲಿಷಿನಲ್ಲಿ, ಅಮ್ಮನಿಗೆ ಈ ಕೆಲಸ ಸಿಗುತ್ತದೆ ಅಲ್ಲವೇ ಆಂಟಿ ಅಂತ ಪಿಸುಗುಟ್ಟಿದಳು. ಸಿಗಬೇಕು ಎಂದೆ. ಅದು ಸುಳ್ಳಲ್ಲ ಅಂತ ಮಿಷಿಗನ್ ಗಡಿಯವರೆಗೂ ನನಗೆ ನಾನೇ ಹೇಳಿಕೊಂಡೆ.

ಪಾರ್ಟಿ ನಡೆದದ್ದು ಮಾರ್ಚ್ ಇಪ್ಪತ್ತೊಂಬತ್ತರ ಶನಿವಾರ, ಮಧ್ಯಾಹ್ನ ಒಂದು ಗಂಟೆಗೆ. ಮರುದಿನ ಹೊರಿಗುಚಿಯವರ ವಿಮಾನ. ಹೊರಗೆ ಬಿಸಿಲು, ಒಳಗೆ ಕಿಟಕಿಯಿಲ್ಲದ ಕೋಣೆಯಲ್ಲಿ ನೀಲಿ ದೀಪ. ಬೀಳ್ಕೊಡುಗೆಯಲ್ಲಿ ಕೊನೆಯ ಸಾಲಿನಿಂದ ಹಿಂದಕ್ಕೆ ಹಾಡಿಕೊಂಡು ಬರುವುದು ಕ್ರಮ. ವ ಸಾಲಿನವರು ಹಾಡಿದ ಮೇಲೆ ವಸುಧಕ್ಕ ಎದ್ದು ತಮ್ಮ ರ ಹಾಡುಗಳಲ್ಲಿ ಒಂದನ್ನು ಹಾಡಿದರು. ಆ ಹಾಡು ಕೇಳಿ ಎಷ್ಟು ಕಾಲವಾಯಿತು ಅಂತ ಹೊರಿಗುಚಿಯವರು ಕಣ್ಣು ಒರೆಸಿಕೊಂಡರು. ಅಷ್ಟು ಮರ್ಯಾದೆಗೆ ಅವರಲ್ಲಿ ಕೊರತೆಯಿರಲಿಲ್ಲ. ಹೀಗೆ ಒಂದೊಂದೇ ಸಾಲು ಮುಗಿಯುತ್ತ ಬಂತು. ಇಷ್ಟು ಹೊತ್ತಿಗಾದರೂ ಹೊರಿಗುಚಿ ಇವರಿಗೆ ಹೇಳಿರುತ್ತಾರೆ ಅಂತ ವಸುಧಕ್ಕನ ಮುಖ ನೋಡಿದೆ. ಅವರು ಪಕ್ಕದವರ ಲೋಟಕ್ಕೆ ಟೀ ಬಗ್ಗಿಸುತ್ತಿದ್ದರು.

ಹೊರಿಗುಚಿಯವರು ಅ ಸಾಲಿನ ಹಾಡು ಮುಗಿಸಿ, ಮೈಕು ಹಿಡಿದುಕೊಂಡೇ ಮಾತಾಡಲು ನಿಂತರು. ಅವರ ಎಡಗಡೆ ವಸುಧಕ್ಕ ನಿಂತರು, ಹದಿನೇಳು ವರ್ಷ ಎಲ್ಲ ಮುಖ್ಯಸ್ಥರ ಪಕ್ಕ ನಿಂತ ಹಾಗೆಯೇ. ಅವರದು ಒಂದು ವಾಕ್ಯ, ಇವರದು ಒಂದು ವಾಕ್ಯ. ಧನ್ಯವಾದಗಳು, ಮಿಷಿಗನ್ನಿನ ಚಳಿ, ಗಾಲ್ಫು, ಇವೆಲ್ಲ ಆದ ಮೇಲೆ ಹೊರಿಗುಚಿಯವರು ದನಿ ತಗ್ಗಿಸಿ ಒಂದು ಉದ್ದದ ವಾಕ್ಯ ಹೇಳಿದರು. ಜಪಾನಿ ಬಲ್ಲವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಉಳಿದವರು ವಸುಧಕ್ಕನ ಬಾಯಿ ನೋಡುತ್ತಿದ್ದರು.

ವಸುಧಕ್ಕ ಇಂಗ್ಲಿಷಿನಲ್ಲಿ ಹೇಳಿದರು. ಕಷ್ಟದ ಮಾತನ್ನು ನೋವಾಗದಂತೆ ಹೇಳುವುದನ್ನು ನಾನು ನಿರುಪಮಾ ಅವರಿಂದ ಕಲಿತಿದ್ದೇನೆ, ನನ್ನ ಸಾಲನ್ನು ನಾನು ಅವರಿಗೆ ಒಪ್ಪಿಸುತ್ತಿದ್ದೇನೆ.

ಒಂದು ಪದ ಹೆಚ್ಚಿರಲಿಲ್ಲ, ಒಂದು ಪದ ಕಡಿಮೆ ಇರಲಿಲ್ಲ. ನಾನು ನಾನು ಅಂತ ಅವರ ಬಾಯಿಂದಲೇ ಅವರ ಆಸೆ ನನ್ನ ಕೈಗೆ ಬಂತು. ಹೊರಿಗುಚಿಯವರು ಮೈಕನ್ನು ನನ್ನ ಕೈಗಿಟ್ಟರು, ಚಪ್ಪಾಳೆ ಬಿತ್ತು. ನನಗೆ ನಾಚಿಕೆಯಾಯಿತು, ಹಾಗೆಯೇ ಸಂತೋಷವೂ ಆಯಿತು. ಸಂತೋಷವಾಗಲಿಲ್ಲ ಅಂತ ಬರೆದರೆ ನನಗಿಂತ ದೊಡ್ಡ ಸುಳ್ಳುಗಾತಿ ಇರುವುದಿಲ್ಲ.

ಮೈಕು ಹಿಡಿದವರು ಹಾಡಬೇಕು. ಅ ಅಕ್ಷರದಿಂದ ಶುರುವಾಗುವ ಹಾಡುಗಳು ಅವರಲ್ಲಿ ಸಾವಿರವಿರಬಹುದು, ನನಗೆ ಬರುತ್ತಿದ್ದದ್ದು ಒಂದೇ. ಎರಡು ತಿಂಗಳ ಹತ್ತಿರ ಹತ್ತಿರ ಬೆಳಿಗ್ಗೆ ಸಂಜೆ ಕಿವಿಗೆ ಬಿದ್ದದ್ದು. ಬೇರೆ ಏನಾದರೂ ನೆಪ ಹೇಳಬಹುದಿತ್ತು, ಗಂಟಲು ಸರಿಯಿಲ್ಲ ಎನ್ನಬಹುದಿತ್ತು. ಎಲ್ಲರೂ ಕಾಯುತ್ತಿದ್ದರು, ಯಾರೋ ಯಂತ್ರದ ಬಳಿ ನಿಂತು ಯಾವ ಹಾಡು ಅಂತ ಕೇಳಿದರು, ನನ್ನ ಬಾಯಿಂದ ಆ ಹಾಡಿನ ಮೊದಲ ಸಾಲು ಹೊರಬಿತ್ತು. ಪರದೆಯ ಮೇಲಿನ ಜಪಾನಿ ಲಿಪಿ ಓದಲು ಬಾರದ ನಾನು ಎರಡನೆಯ ಚರಣದಲ್ಲಿ ಪದ ಮರೆತು ನಿಂತೆ. ವಸುಧಕ್ಕ ಕೂತಲ್ಲಿಂದಲೇ ಪದ ಎತ್ತಿಕೊಟ್ಟರು. ನಾನು ಮುಂದುವರಿಸಿದೆ. ಯಂತ್ರ ನನಗೆ ನೂರಕ್ಕೆ ಎಂಬತ್ತೊಂದು ಅಂಕ ಕೊಟ್ಟಿತು. ಜಪಾನಿ ಬಾರದಿದ್ದರೂ ನಮಗಾಗಿ ಇಷ್ಟು ಕಲಿತಿದ್ದಾರೆ ಅಂತ ಎಲ್ಲರಿಗೂ ಬಹಳ ಖುಷಿಯಾಯಿತು.

ನಾಲ್ಕು ಗಂಟೆಗೆ ಹೊರಟೆವು. ಬರುವಾಗ ವಸುಧಕ್ಕನ ಕಾರಿನಲ್ಲೇ ಬಂದಿದ್ದೆ, ಹಿಂತಿರುಗುವುದೂ ಅದರಲ್ಲೇ ಆಗಬೇಕಿತ್ತು. ಎಂಟು ನಿಮಿಷದ ದಾರಿ. ವಸುಧಕ್ಕ ರೇಡಿಯೊ ಹಾಕಲಿಲ್ಲ, ಹಾಡಲೂ ಇಲ್ಲ. ನನ್ನ ಮನೆಯ ಡ್ರೈವ್‌ವೇಯಲ್ಲಿ ನಿಲ್ಲಿಸಿದರು. ನಾನು ಬಾಗಿಲಿನ ಹಿಡಿಗೆ ಕೈ ಹಾಕಿದಾಗ, ಮುಂದಿನ ಗಾಜನ್ನೇ ನೋಡುತ್ತ ಕೇಳಿದರು.

“ಯಾವತ್ತು ಗೊತ್ತಾಯ್ತು ನಿರು ನಿಂಗೆ?”

“ಇವತ್ತೇ ಅಕ್ಕ. ಅಲ್ಲೇ, ನಿಮ್ ಜೊತೇಲೇ” ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಅವರು ತಲೆಯಾಡಿಸಿದರು. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಸಿಟ್ಟು ನನಗೆ ಗೊತ್ತಿರುವ ಭಾಷೆ.

“ಹೊರಿಗುಚಿ ನಿನ್ ಕೈಗೆ ಒಂದು ಕಾಗದ ಕೊಟ್ರಲ್ಲ, ಅದರ ಇಂಗ್ಲಿಷ್ ಯಾರದ್ದು ಅಂದ್ಕೊಂಡೆ? ಜಪಾನೀಲಿ ಬರೆದು ನಂಗ್ ಕೊಟ್ರು. ಸೋಮವಾರ ಕೂತ್ಕೊಂಡು ಇಂಗ್ಲಿಷ್ ಮಾಡಿದ್ದು ನಾನು, ಮಂಗಳವಾರ ನಿಂಗೆ ಕೊಟ್ಟಿದ್ದು ಅವ್ರು. ನಿನ್ ಬಗ್ಗೆ ಅವ್ರು ಅಂದ್ಕೊಂಡಿರೋದು ನಿಜ ಅಲ್ಲ ಅಂತ ನಾನ್ ಹೇಳೋ ಹಾಗಿರ್ಲಿಲ್ಲ. ನನ್ ಕೆಲ್ಸ ಅಲ್ಲ ಅದು. ನೀನ್ ಹೇಳ್ಬೋದಿತ್ತು.”

ಗೊತ್ತಿದ್ದೂ ಮತ್ತೆ ದಿನಾ ಯಾಕೆ ಹಾಡುತ್ತಿದ್ದಿರಿ ಅಂತ ಕೇಳಿದೆ. ಇನ್ನೇನನ್ನಾದರೂ ಕೇಳಬಾರದಿತ್ತೇ ನಾನು.

“ನೀನು ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ. ಸಾಕು ನಿಲ್ಸಿ ಅಕ್ಕ ಅಂತ ಒಂದ್ ಮಾತು. ಅಷ್ಟೇ ಬೇಕಿತ್ತು ನಂಗೆ. ಕುರ್ಚಿ ಆಸೆ ಆ ಸೋಮವಾರವೇ ಹೋಗಿತ್ತು.”

ಆಮೇಲೆ ಪುಳಿಯೋಗರೆಯ ಡಬ್ಬಿ ಹಿಂತಿರುಗಿಸುವುದು ಬೇಡ, ಜಾನ್ವಿಯ ಹತ್ತಿರ ಬೇಕಾದಷ್ಟಿವೆ ಎಂದರು. ನಾನು ಇಳಿದೆ. ಕಾರು ಹಿಂದಕ್ಕೆ ಹೋಗಿ, ಇಂಡಿಕೇಟರ್ ಹಾಕಿಕೊಂಡು, ಎಡಕ್ಕೆ ತಿರುಗಿತು. ಮನೆಯೊಳಗೆ ಹೋಗಿ ಹೊರಿಗುಚಿಯವರಿಗೆ ಫೋನ್ ಮಾಡಬಹುದಿತ್ತು. ಅವರ ವಿಮಾನಕ್ಕೆ ಇನ್ನೂ ಇಪ್ಪತ್ತು ಗಂಟೆ ಇತ್ತು, ನಂಬರೂ ನನ್ನ ಹತ್ತಿರವಿತ್ತು. ಮಾಡಲಿಲ್ಲ. ಸೋಮವಾರ ನನ್ನ ಕಾರಿನಲ್ಲಿ ಒಬ್ಬಳೇ ಆಫೀಸಿಗೆ ಹೋಗಿ, ಹೊರಿಗುಚಿಯವರ ಕುರ್ಚಿಯಲ್ಲಿ ಕೂತೆ.